ನಾಲ್ಕು ವರ್ಷದ ಮಗಳು ಎಲ್ಲದಕ್ಕೂ ‘ಬೇಜಾರು’ ಅನ್ನುತ್ತಾಳೆ, ಶಾಲೆಗೆ ಹೊರಟರೆ ಹೊಟ್ಟೆನೋವು. ಏನು ಮಾಡೋದು?

ವೈಂಡಿಂಗ್ ಅಂಗಡಿ, ತಿಪಟೂರು

ನಮಸ್ಕಾರ. ಇಲ್ಲಿ ಬರೆದಿದ್ದನ್ನೆಲ್ಲ ಓದುತ್ತಿರುತ್ತೇನೆ, ನಾನೇ ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೈಯಬೇಡಿ.

ತಿಪಟೂರಿನಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ತೋಟದವರ ಬೋರ್‌ವೆಲ್ ಮೋಟಾರ್ ಸುಟ್ಟರೆ ನನ್ನ ಹತ್ತಿರ ಬರುತ್ತದೆ. ಸೀರೀಸ್ ಲ್ಯಾಂಪ್ ಇಟ್ಟು ನೋಡಿದರೆ ಎಲ್ಲಿ ಹೋಗಿದೆ ಅಂತ ಐದು ನಿಮಿಷದಲ್ಲಿ ಹೇಳುತ್ತೇನೆ. ಮಗಳ ವಿಷಯದಲ್ಲಿ ಒಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ, ಎಲ್ಲಿ ಹೋಗಿದೆ ಅಂತ ಗೊತ್ತಾಗುತ್ತಿಲ್ಲ.

ಅವಳಿಗೆ ನಾಲ್ಕು ವರ್ಷ ಮೂರು ತಿಂಗಳು. ಎಲ್‌ಕೆಜಿ. ಮನೆಯಲ್ಲಿ ನಾಲ್ಕೂವರೆ ತಿಂಗಳ ತಮ್ಮ ಇದ್ದಾನೆ. ಮೊದಲೆಲ್ಲ ಶಾಲೆ ಅಂದರೆ ಕುಣಿದುಕೊಂಡು ಹೋಗುತ್ತಿದ್ದಳು. ಈಗ ಬೆಳಿಗ್ಗೆ ಯೂನಿಫಾರ್ಮ್ ಕೈಗೆ ತೆಗೆದುಕೊಂಡರೆ ಸಾಕು, ಹೊಟ್ಟೆನೋವು ಶುರು. ಹೊಕ್ಕುಳ ಮೇಲೆ ಕೈ ಇಟ್ಟುಕೊಂಡು ಕೂತುಬಿಡುತ್ತಾಳೆ. ಡಾಕ್ಟರ್ ಹತ್ತಿರ ತೋರಿಸಿದೆವು. ಹೊಟ್ಟೆ ಒತ್ತಿ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು, ಜಂತುಹುಳದ ಮಾತ್ರೆ ಕೊಟ್ಟರು. ಏನೂ ಇಲ್ಲ ಅಂದರು. ನಿಜ, ವ್ಯಾನ್ ಹೋದ ಮೇಲೆ ಹತ್ತು ಗಂಟೆಗೆ ಎರಡು ಸಲ ಹಾಕಿಸಿಕೊಂಡು ಚಿತ್ರಾನ್ನ ತಿನ್ನುತ್ತಾಳೆ.

ಇನ್ನೊಂದು ವಿಷಯ. ಏನಾಯಿತು ಅಂತ ಕೇಳಿದರೆ ಅವಳ ಹತ್ತಿರ ಇರುವುದು ಒಂದೇ ಮಾತು: ‘ಬೇಜಾರು’. ಸಾಕ್ಸ್ ಒಳಗೆ ಮಡಚಿಕೊಂಡರೂ ಬೇಜಾರು. ಕಟ್ಟಿದ ಗೋಪುರ ಬಿದ್ದರೂ ಬೇಜಾರು. ಕರೆಂಟ್ ಹೋಗಿ ಕತ್ತಲಾದರೂ ಬೇಜಾರು. ಹಸಿವಾದರೂ ಅದೇ. ಯಾಕೆ ಬೇಜಾರು ಅಂತ ಕೇಳಿದರೆ ಇನ್ನಷ್ಟು ಜೋರಾಗಿ ‘ಬೇಜಾರು!’ ಅಂತ ಕಿರುಚುತ್ತಾಳೆ.

ಹೋದ ಭಾನುವಾರ ಸ್ಟೀಲ್ ಲೋಟ ಎಸೆದಳು. ಅದು ತೊಟ್ಟಿಲ ಕಾಲಿಗೆ ಬಡಿಯಿತು. ಮಗುವಿಗೆ ತಾಗಲಿಲ್ಲ, ಒಂದು ಗೇಣು ತಪ್ಪಿತು. ನಾನು ಒಂದು ಬಿಟ್ಟೆ. ಅವಳು ಅಳಲಿಲ್ಲ. ನನ್ನ ಮುಖ ನೋಡಿಕೊಂಡು ಮೆಲ್ಲಗೆ ‘ನಂಗೆ ಬೇಜಾರು’ ಅಂದಳು. ಅವತ್ತಿನಿಂದ ನನಗೂ ನಿದ್ದೆ ಸರಿ ಬರುತ್ತಿಲ್ಲ.

ನಮ್ಮ ಅಮ್ಮ ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಹೆಂಡತಿ ತಮ್ಮನ ಮೇಲೆ ಹೊಟ್ಟೆಕಿಚ್ಚು ಅನ್ನುತ್ತಾಳೆ. ನನ್ನ ಪ್ರಶ್ನೆ ಇಷ್ಟೇ. ತನಗೆ ಒಳಗೆ ಏನಾಗುತ್ತಿದೆ ಅನ್ನುವುದು ಈ ವಯಸ್ಸಿಗೆ ಗೊತ್ತಾಗುತ್ತದಾ? ಗೊತ್ತಾಗದಿದ್ದರೆ ಹೇಳಿಕೊಡಬಹುದಾ? ಅಥವಾ ಸುಮ್ನೆ ಬಿಟ್ಟರೆ ತಾನಾಗೇ ಸರಿಹೋಗುತ್ತದಾ?

ಕಲ್ಪತರು63

ನಮ್ಮ ಅಪ್ಪನಿಗೆ ನಾವು ಏಳು ಜನ ಮಕ್ಕಳು. ಯಾರ ಹೊಟ್ಟೆಯಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಬೆಳೆದೆವು, ದುಡಿದೆವು. ಹೊಟ್ಟೆನೋವು ಅಂದರೆ ಓಮದ ನೀರು ಕುಡಿಸಿ ಶಾಲೆಗೆ ಕಳಿಸಿ. ಎರಡು ದಿನ ಮನೆಯಲ್ಲಿ ಚಿತ್ರಾನ್ನ ಸಿಕ್ಕಿದರೆ ಮೂರನೇ ದಿನವೂ ನೋವು ಬರುತ್ತದೆ. ಮಕ್ಕಳು ನಾವಂದುಕೊಂಡದ್ದಕ್ಕಿಂತ ಹುಷಾರು. ನೀವು ಹೊಡೆದದ್ದಕ್ಕೆ ಇಷ್ಟು ಕೊರಗುವುದೂ ಬೇಡ ತಮ್ಮ.

ಮಕ್ಕಳ ವಾರ್ಡ್ ನರ್ಸ್, ದಾವಣಗೆರೆ

ಅಣ್ಣ, ಡಾಕ್ಟರ್‌ಗೆ ತೋರಿಸಿದ್ದು ಒಳ್ಳೆಯದಾಯಿತು. ಇಂಥ ಮಕ್ಕಳನ್ನು ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಪದೇಪದೇ ವಾಂತಿ, ಜ್ವರ, ಮಲದಲ್ಲಿ ರಕ್ತ, ತೂಕ ಇಳಿಯುವುದು, ನೋವು ಹೊಕ್ಕುಳ ಬಿಟ್ಟು ಪಕ್ಕಕ್ಕೆ ಹೋಗುವುದು – ಇದರಲ್ಲಿ ಯಾವುದು ಕಂಡರೂ ಮತ್ತೆ ಕರೆದುಕೊಂಡು ಹೋಗಿ.

ಕಲ್ಪತರು ಸರ್, ನಿಮ್ಮ ಮಾತಿನಲ್ಲಿ ಅರ್ಧ ಸರಿ. ಶಾಲೆ ತಪ್ಪಿಸಿದರೆ ನೋವು ಬೇರೂರುತ್ತದೆ. ಆದರೆ ನೋವು ಸುಳ್ಳಲ್ಲ. ಪರೀಕ್ಷೆಯ ದಿನ ನಮಗೆ ಹೊಟ್ಟೆ ಕಿವುಚಿಕೊಳ್ಳುತ್ತಿರಲಿಲ್ವಾ? ಅದು ನಾಟಕವಾಗಿತ್ತಾ? ಹೆದರಿದಾಗ ಕರುಳಿನ ಚಲನೆ ನಿಜವಾಗಿಯೂ ಬದಲಾಗುತ್ತದೆ. ‘ನಾಟಕ ಮಾಡಬೇಡ’ ಅಂತ ಮಾತ್ರ ಹೇಳಬೇಡಿ. ‘ನೋಯುತ್ತಿದೆ, ಗೊತ್ತು. ಶಾಲೆಗೆ ಹೋಗೋಣ, ನೋವು ಜಾಸ್ತಿಯಾದರೆ ಮಿಸ್ ಫೋನ್ ಮಾಡುತ್ತಾರೆ’ ಅನ್ನಿ.

ನಿವೃತ್ತ ಟೀಚರ್, ಟಿ. ನರಸೀಪುರ

ತಮ್ಮಾ, ನಾನು ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು. ನಮ್ಮ ತಾಲ್ಲೂಕಿಗೆ ಅಂಗನವಾಡಿ ಬಂದದ್ದು 1975ರಲ್ಲಿ, ದೇಶದಲ್ಲಿ ಯೋಜನೆ ಶುರುವಾದ ಮೊದಲ 33 ಕಡೆಗಳಲ್ಲಿ ನಮ್ಮದೂ ಒಂದು. ಅದನ್ನು ಹೇಳಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ, ಇರಲಿ.

ಮೊದಲು ಒಂದು ಮಾತು. ‘ಯಾಕೆ’ ಅಂತ ಕೇಳುವುದನ್ನು ನಿಲ್ಲಿಸಿ. ನಾಲ್ಕು ವರ್ಷದ ಮಗುವಿಗೆ ಯಾಕೆ ಅನ್ನುವುದಕ್ಕೆ ಉತ್ತರ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಮತ್ತೆ ಮತ್ತೆ ಕೇಳಿದರೆ ಅದಕ್ಕೆ ಪೊಲೀಸ್ ಠಾಣೆಯಲ್ಲಿ ಕೂತ ಹಾಗಾಗುತ್ತದೆ. ನಾನೂ ಮೊದಲ ಐದಾರು ವರ್ಷ ಅದೇ ತಪ್ಪು ಮಾಡಿದೆ. ‘ಯಾಕೋ ಕಚ್ಚಿದೆ? ಯಾಕೆ?’ ಅಂತ ಕೇಳೋದು, ಅವನು ನೆಲ ನೋಡೋದು. ಆಮೇಲೆ ‘ಎಲ್ಲಿ’ ಅಂತ ಕೇಳಲು ಕಲಿತೆ. ಎಲ್ಲಿ ಏನಾಗ್ತಿದೆ, ತೋರಿಸು. ಅದಕ್ಕೆ ಮಕ್ಕಳು ಉತ್ತರ ಕೊಡುತ್ತವೆ. ಒಬ್ಬಳು ‘ಮಿಸ್, ಹೊಟ್ಟೇಲಿ ಇರುವೆ ಓಡ್ತಾ ಇವೆ’ ಅಂದಿದ್ದಳು. ಇನ್ನೊಬ್ಬ ಗಂಟಲು ಹಿಡಿದು ತೋರಿಸಿದ. ಸಿಟ್ಟು ಬಂದಾಗ ಕೈಯೆಲ್ಲ ಬಿಸಿ ಅಂತ ಒಬ್ಬ ಹೇಳುತ್ತಿದ್ದ. ಅವನಿಗೆ ಮಣ್ಣಿನ ಮಡಕೆಯ ನೀರಲ್ಲಿ ಕೈ ಅದ್ದಿಸುತ್ತಿದ್ದೆ. ಮೂರ್ನಾಲ್ಕು ತಿಂಗಳಲ್ಲಿ ತಾನೇ ಎದ್ದು ಹೋಗಿ ಅದ್ದಿಕೊಂಡು ಬರುತ್ತಿದ್ದ.

ನಿಮ್ಮ ಮಗಳು ಹೊಕ್ಕುಳ ಮೇಲೆ ಕೈ ಇಟ್ಟು ಕೂರುತ್ತಾಳಲ್ಲ, ಅದು ಅವಳು ಹೇಳುತ್ತಿರುವುದೇ. ಮಾತು ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಅಷ್ಟೆ.

‘ಬೇಜಾರು’ ಅನ್ನುವ ಮಾತಿಗೆ ಅವಳನ್ನು ದೂರಬೇಡಿ. ಮನೆಯಲ್ಲಿ ಲೆಕ್ಕ ಹಾಕಿ ನೋಡಿ, ನೀವು ದಿನಕ್ಕೆ ಎಷ್ಟು ಸಲ ಅನ್ನುತ್ತೀರಿ. ಗಿರಾಕಿ ದುಡ್ಡು ಕೊಡದಿದ್ದರೆ ಬೇಜಾರು. ಕೆಲಸ ಇಲ್ಲದಿದ್ದರೆ ಬೇಜಾರು. ಯಾರೋ ತೀರಿಕೊಂಡರೂ ಬೇಜಾರಾಯ್ತು ಅನ್ನುತ್ತೇವೆ. ನಮ್ಮ ಭಾಷೆಯಲ್ಲಿ ಮುನಿಸು, ದಿಗಿಲು, ಗಾಬರಿ, ಅಳುಕು, ನಾಚಿಕೆ, ಸಂಕಟ, ಕಿರಿಕಿರಿ, ಹೊಟ್ಟೆಕಿಚ್ಚು, ಎಷ್ಟೊಂದು ಮಾತು ಇವೆ. ಮಗುವಿನ ಮುಂದೆ ನಾವು ಆಡುವುದು ಎರಡೇ. ಅದರ ಕಷ್ಟಕ್ಕೆ ‘ಬೇಜಾರು’, ನಮಗೆ ಕಷ್ಟ ಕೊಟ್ಟರೆ ‘ಹಠ’.

ಇನ್ನೊಂದು ನೋಡಿ. ನನ್ನ ಕೇಂದ್ರದಲ್ಲಿ ಜಗಳ, ಕಚ್ಚೋದು, ಜುಟ್ಟು ಎಳೆಯೋದು ಎಲ್ಲ ಯಾವಾಗ ಜಾಸ್ತಿ ಗೊತ್ತಾ? ಊಟದ ಮುಂಚಿನ ಅರ್ಧ ಗಂಟೆ. ಸಹಾಯಕಿ ಒಗ್ಗರಣೆ ಹಾಕಿದ ವಾಸನೆ ಬಂತು ಅಂದರೆ ನಾನು ಮಕ್ಕಳನ್ನು ದೂರ ದೂರ ಕೂರಿಸುತ್ತಿದ್ದೆ. ಹಸಿವಿಗೂ ಸಿಟ್ಟಿಗೂ ಆ ವಯಸ್ಸಿನಲ್ಲಿ ನಡುವೆ ಗೋಡೆ ಇಲ್ಲ. ಲೋಟ ಎಸೆದದ್ದು ಎಷ್ಟು ಹೊತ್ತಿಗೆ ಅಂತ ನೆನಪು ಮಾಡಿಕೊಳ್ಳಿ.

ಕನ್ನಡಿಯನ್ನು ಮಕ್ಕಳ ಎತ್ತರಕ್ಕೆ ಹಾಕಿದ್ದೆ. ಹತ್ತು ರೂಪಾಯಿಯ ಜಾತ್ರೆ ಕನ್ನಡಿ. ಅದರ ಮುಂದೆ ಸಿಟ್ಟಿನ ಮುಖ, ಹೆದರಿದ ಮುಖ, ನಾಚಿಕೆ ಮುಖ ಮಾಡಿಸುತ್ತಿದ್ದೆ. ಮಕ್ಕಳಿಗೆ ಅದು ಆಟ. ಮೇಲ್ವಿಚಾರಕಿ ಒಮ್ಮೆ ಬಂದವರು ‘ಇದೇನು ಕೋತಿ ಆಟ’ ಅಂದರು. ಅಂದುಕೊಳ್ಳಲಿ ಬಿಡಿ.

ಈಗ ನೀವು ಮಾಡಬೇಕಾದ ಕೆಲಸ ಒಂದಿದೆ. ಹೊಟ್ಟೆನೋವು ಸರಿಯಾಗಿ ಯಾವತ್ತು ಶುರುವಾಯಿತು? ಒಂದು ತಿಂಗಳು ಅಂದಿರಿ. ಒಂದು ತಿಂಗಳು ಅನ್ನೋದು ಬೇಡ, ದಿನ ಹೇಳಿ. ಕ್ಯಾಲೆಂಡರ್ ಮುಂದೆ ಗಂಡ ಹೆಂಡತಿ ಇಬ್ಬರೂ ಕೂತುಕೊಳ್ಳಿ. ತಮ್ಮ ಹುಟ್ಟಿ ನಾಲ್ಕೂವರೆ ತಿಂಗಳಾಯಿತು. ಹೊಟ್ಟೆಕಿಚ್ಚೇ ಆಗಿದ್ದರೆ ಅಷ್ಟು ದಿನ ಯಾಕೆ ಕಾದಳು?

ವೈಂಡಿಂಗ್ ಅಂಗಡಿ, ತಿಪಟೂರು

ಟೀಚರಮ್ಮ, ನಿನ್ನೆ ರಾತ್ರಿ ಕ್ಯಾಲೆಂಡರ್ ಇಳಿಸಿಕೊಂಡು ಕೂತೆವು. ಗೊತ್ತಾಯಿತು. ಬರೆಯಲು ನಾಚಿಕೆಯಾಗುತ್ತದೆ.

ಐದು ವಾರದ ಹಿಂದೆ ಒಂದು ಗುರುವಾರ. ಚಿಕ್ಕವನಿಗೆ ಹದಿನಾಲ್ಕು ವಾರದ ಚುಚ್ಚುಮದ್ದು ಇತ್ತು. ಮಗಳನ್ನು ವ್ಯಾನಿಗೆ ಹತ್ತಿಸಿ ಹೆಂಡತಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದಳು. ಅವತ್ತು ಉದ್ದ ಸಾಲು. ಚುಚ್ಚಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂರಬೇಕು ಅಂತ ಕೂರಿಸಿದರು. ನಾನು ಒಂದು ತೋಟದಲ್ಲಿ ಮೋಟಾರ್ ಎತ್ತಿಸುತ್ತಿದ್ದೆ. ಪೈಪ್ ಅರ್ಧ ಮೇಲೆ ಬಂದಿತ್ತು, ಫೋನ್ ಗಾಡಿಯಲ್ಲಿತ್ತು.

ಹನ್ನೆರಡೂ ಮುಕ್ಕಾಲಿಗೆ ವ್ಯಾನ್ ಇವಳನ್ನು ಗೇಟಿನ ಹತ್ತಿರ ಇಳಿಸಿ ಹೋಗಿದೆ. ಬಾಗಿಲಿಗೆ ಬೀಗ. ಎಷ್ಟು ಹೊತ್ತು ನಿಂತಿದ್ದಳೋ ಗೊತ್ತಿಲ್ಲ. ಹತ್ತು ನಿಮಿಷ ಇರಬಹುದು. ಪಕ್ಕದ ಮನೆ ಅಜ್ಜಿ ನೋಡಿ ಒಳಗೆ ಕರೆದುಕೊಂಡು ಕೋಡುಬಳೆ ಕೊಟ್ಟಿದ್ದಾರೆ. ಹೆಂಡತಿ ಬಂದಾಗ ಇವಳು ಅಜ್ಜಿಯ ಜೊತೆ ಹುಣಸೆಬೀಜ ಎಣಿಸುತ್ತಾ ಕೂತಿದ್ದಳು. ಅಳಲಿಲ್ಲ. ಕೇಳಲೂ ಇಲ್ಲ. ನಾವು ‘ಜಾಣೆ, ಅಳಲೇ ಇಲ್ಲ’ ಅಂತ ಎಲ್ಲರ ಮುಂದೆ ಹೊಗಳಿದೆವು. ಮಾರನೇ ದಿನ ಶುಕ್ರವಾರ. ಅವತ್ತೇ ಮೊದಲ ಹೊಟ್ಟೆನೋವು.

ಲೋಟ ಎಸೆದದ್ದು ಮಧ್ಯಾಹ್ನ ಒಂದೂವರೆ, ಊಟ ಆಗಿರಲಿಲ್ಲ. ಆದರೆ ಅದಕ್ಕೆ ಮುಂಚೆ ಹೆಂಡತಿ ‘ಮುಂದಿನ ವಾರ ಪಾಪುವನ್ನು ಕರೆದುಕೊಂಡು ಅಜ್ಜಿ ಊರಿಗೆ ಹೋಗಿಬರಬೇಕು’ ಅಂತ ಫೋನಿನಲ್ಲಿ ಹೇಳುತ್ತಿದ್ದಳಂತೆ. ಪಾಪುವನ್ನು ಅಂತ ಮಾತ್ರ ಹೇಳಿದ್ದಳು.

ಈಗ ಅವಳ ಹತ್ತಿರ ಈ ಮಾತು ಎತ್ತಬೇಕಾ ಬೇಡವಾ? ಮರೆತಿದ್ದರೆ ನಾವೇ ನೆನಪಿಸಿದ ಹಾಗಾಗುತ್ತದಲ್ವಾ?

ಮನಃಶಾಸ್ತ್ರ ಪಾಠ ಮಾಡುವವಳು, ಧಾರವಾಡ

ಮರೆತಿಲ್ಲ, ಸರ್. ಮರೆತಿದ್ದರೆ ಶುಕ್ರವಾರ ಹೊಟ್ಟೆ ನೋಯುತ್ತಿರಲಿಲ್ಲ. ಮಾತು ಎತ್ತಿ. ಆದರೆ ಪ್ರಶ್ನೆಯಾಗಿ ಅಲ್ಲ, ಕತೆಯಾಗಿ. ‘ಅವತ್ತು ನೀನು ಬಂದಾಗ ಬೀಗ ಇತ್ತು. ಅಮ್ಮ ಕಾಣಲಿಲ್ಲ. ಹೆದರಿಕೆ ಆಗಿರಬೇಕು. ಆಮೇಲೆ ಅಮ್ಮ ಬಂದಳು.’ ಇಷ್ಟೇ. ಕೊನೆಯ ವಾಕ್ಯ ಬಿಡಬೇಡಿ. ಮಕ್ಕಳ ತಲೆಯಲ್ಲಿ ಕತೆ ಬೀಗದ ಹತ್ತಿರವೇ ನಿಂತಿರುತ್ತದೆ.

ಟೀಚರ್ ಹೇಳಿದ ಊಟದ ಮುಂಚಿನ ಜಗಳದ ಮಾತು ಓದಿ ನಗು ಬಂತು. ಅಮೆರಿಕದ ಫ್ಲಾರೆನ್ಸ್ ಗುಡ್‌ಇನಫ್ 1931ರಲ್ಲಿ ಮಕ್ಕಳ ಸಿಟ್ಟಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. 45 ಮಕ್ಕಳ ಅಮ್ಮಂದಿರ ಕೈಯಲ್ಲಿ ದಿನಚರಿ ಬರೆಸಿದರು. ಮಗು ಯಾವಾಗ ಸಿಟ್ಟು ಮಾಡಿತು, ಎಷ್ಟು ಹೊತ್ತು, ಅದಕ್ಕೆ ಮುಂಚೆ ಏನಾಯಿತು. 1,800ಕ್ಕೂ ಹೆಚ್ಚು ಸಿಟ್ಟಿನ ಪ್ರಸಂಗಗಳು ಸಿಕ್ಕವು. ಊಟಕ್ಕೆ ಮುಂಚೆ ಸಿಟ್ಟು ಜಾಸ್ತಿ, ಎರಡನೇ ವರ್ಷದಲ್ಲಿ ಎಲ್ಲಕ್ಕಿಂತ ಜಾಸ್ತಿ. ಒಗ್ಗರಣೆ ವಾಸನೆಯಲ್ಲಿ ನೀವು ಕಂಡುಕೊಂಡದ್ದೇ ಅಲ್ವಾ!

ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಈ ವಯಸ್ಸಿಗೆ ಗೊತ್ತಾಗುತ್ತದಾ ಅಂತ ಕೇಳಿದಿರಿ. ಬೇರೆಯವರ ಮುಖ ಓದುವುದು ಬಹಳ ಬೇಗ ಬರುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನ ವಿದ್ಯಾರ್ಥಿಗಳಿಗೆ ತುಂಬಾ ಇಷ್ಟ. ಒಂದು ವರ್ಷದ ಮಕ್ಕಳನ್ನು ಗಾಜಿನ ಹಾಸಿನ ಮೇಲೆ ಅಂಬೆಗಾಲಿಡಲು ಬಿಟ್ಟರು. ಅರ್ಧ ದಾರಿಯಲ್ಲಿ ಗಾಜಿನ ಕೆಳಗೆ ಸಣ್ಣ ಹಳ್ಳ ಇದ್ದಂತೆ ಕಾಣುತ್ತದೆ. ಮಗು ಅಲ್ಲಿ ನಿಂತು ಆಚೆ ಕಡೆ ಇರುವ ಅಮ್ಮನ ಮುಖ ನೋಡುತ್ತದೆ. ಅಮ್ಮ ನಕ್ಕಾಗ 19ರಲ್ಲಿ 14 ಮಕ್ಕಳು ದಾಟಿಬಂದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ನಿಮ್ಮ ಮನೆಯ ಚಿಕ್ಕವನು ಇನ್ನು ಏಳೆಂಟು ತಿಂಗಳಲ್ಲಿ ಈ ಕೆಲಸ ಶುರು ಮಾಡುತ್ತಾನೆ. ಬೀಗದ ದಿನ ನಿಮ್ಮ ಮಗಳಿಗೆ ನೋಡಲು ಆ ಮುಖ ಇರಲಿಲ್ಲ.

ಆದರೆ ಮುಖ ಓದುವುದು ಬೇರೆ, ಹೆಸರು ಹಿಡಿದು ಹೇಳುವುದು ಬೇರೆ. ಶೆರಿ ವೈಡನ್, ಜೇಮ್ಸ್ ರಸೆಲ್ ಎಂಬ ಸಂಶೋಧಕರು ಇದನ್ನು ವರ್ಷಗಟ್ಟಲೆ ನೋಡಿದ್ದಾರೆ. ಮೊದಲು ಮಗುವಿಗೆ ಎರಡೇ ಡಬ್ಬಿ: ಚೆನ್ನಾಗಿದೆ, ಚೆನ್ನಾಗಿಲ್ಲ. ಖುಷಿ ಬೇಗ ಪ್ರತ್ಯೇಕವಾಗುತ್ತದೆ. ಎರಡನೇ ಡಬ್ಬಿಯಿಂದ ಸಿಟ್ಟು, ದುಃಖ, ಹೆದರಿಕೆ ಒಂದೊಂದಾಗಿ ಆಚೆ ಬರಲು ವರ್ಷಗಳೇ ಬೇಕು. ಅಸಹ್ಯಪಡುವ ಮುಖದ ಚಿತ್ರ ತೋರಿಸಿದರೆ ಶಾಲೆಗೆ ಹೋಗುವ ಮಕ್ಕಳು ಕೂಡ ಎಷ್ಟೋ ಜನ ‘ಸಿಟ್ಟು’ ಅನ್ನುತ್ತಾರೆ. ಹಾಗಾಗಿ ನಿಮ್ಮ ಮಗಳ ‘ಬೇಜಾರು’ ಆ ಎರಡನೇ ಡಬ್ಬಿಯ ಹೆಸರು. ಅವಳು ಹಿಂದೆ ಬಿದ್ದಿಲ್ಲ, ವಯಸ್ಸಿಗೆ ಸರಿಯಾಗಿಯೇ ಇದ್ದಾಳೆ.

ಹೇಳಿಕೊಡಬಹುದಾ ಅಂತ ಕೇಳಿದಿರಿ. ಪಾಠ ಮಾಡುವ ಹಾಗೆ ಬೇಡ. ಇಂಗ್ಲೆಂಡಿನ ಜೂಡಿ ಡನ್ ಮತ್ತು ಜೊತೆಯವರು ಮನೆಗಳಿಗೇ ಹೋಗಿ ಮಾತುಕತೆ ಕೇಳಿಸಿಕೊಂಡರು. ಮೂರು ವರ್ಷದ ಹೊತ್ತಿಗೆ ಯಾವ ಮನೆಯಲ್ಲಿ ಅಳು, ಸಿಟ್ಟು, ಖುಷಿಯ ಬಗ್ಗೆ ಜಾಸ್ತಿ ಮಾತು ನಡೆಯುತ್ತಿತ್ತೋ ಆ ಮಕ್ಕಳು ಆರು ವರ್ಷಕ್ಕೆ ಬೇರೆಯವರ ಮನಸ್ಸಿನಲ್ಲಿ ಏನಿದೆ ಅಂತ ಚೆನ್ನಾಗಿ ಗುರುತಿಸುತ್ತಿದ್ದರು. 1991ರಲ್ಲಿ ಪ್ರಕಟವಾದ ಕೆಲಸ. ಅಂದರೆ ಅಡುಗೆಮನೆ ಮಾತು ಸಾಕು.

ಒಂದು ಕಡೆ ಟೀಚರ್ ಜೊತೆ ನನ್ನದು ಸಣ್ಣ ತಕರಾರು. ಮಗು ಸಿಟ್ಟಿನ ತುದಿಯಲ್ಲಿ ಇದ್ದಾಗ ‘ಎಲ್ಲಿ’ ಅಂತಲೂ ಕೇಳಬೇಡಿ, ಹೆಸರು ಹೇಳಿಕೊಡಲೂ ಹೋಗಬೇಡಿ. ಮೈಕೆಲ್ ಪೊಟೆಗಲ್ ಎಂಬುವರು ಮುನ್ನೂರಕ್ಕೂ ಹೆಚ್ಚು ಪುಟ್ಟ ಮಕ್ಕಳ ರಚ್ಚೆಯ ವಿವರ ಸೇರಿಸಿದ್ದರು. ಮುಕ್ಕಾಲು ಪಾಲು ರಚ್ಚೆ ಐದು ನಿಮಿಷದೊಳಗೆ ಮುಗಿದಿತ್ತು. ಕಿರುಚಾಟ, ಎಸೆಯೋದು ಮೊದಲೇ ಏರಿ ಇಳಿದುಬಿಡುತ್ತದೆ. ಕೊನೆಯಲ್ಲಿ ಉಳಿಯುವುದು ಅಳು, ಸಂಕಟ. ಆಗ ಮಗು ನಿಮ್ಮ ಹತ್ತಿರ ಬರುತ್ತದೆ. ಮಾತು ಆಗ. ಅಲ್ಲಿಯವರೆಗೆ ಲೋಟ ತೆಗೆದಿಡಿ, ತೊಟ್ಟಿಲ ಪಕ್ಕ ನಿಲ್ಲಿ, ಬಾಯಿ ಮುಚ್ಚಿಕೊಂಡಿರಿ. ಹೇಳುವುದು ಸುಲಭ, ಗೊತ್ತು. ನನಗೂ ಇಬ್ಬರು ಗಂಡುಮಕ್ಕಳು.

ತಮ್ಮನ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ‘ತಮ್ಮನ್ನ ಕಂಡ್ರೆ ಇಷ್ಟಾನಾ, ಇಷ್ಟ ಇಲ್ವಾ’ ಅಂತ ನೆಂಟರು ಕೇಳುತ್ತಿರುತ್ತಾರೆ. ದಯವಿಟ್ಟು ತಡೆಯಿರಿ. ಒಬ್ಬರ ಮೇಲೇ ಇಷ್ಟವೂ ಸಿಟ್ಟೂ ಒಟ್ಟಿಗೆ ಇರಬಹುದು ಅನ್ನುವುದನ್ನು ಮಕ್ಕಳು ಮಾತಿನಲ್ಲಿ ಒಪ್ಪಿಕೊಳ್ಳುವುದು ಏಳೆಂಟು ವರ್ಷದ ಮೇಲೆ. ಅವಳಿಗೆ ಎರಡೂ ಇದೆ. ಒಂದನ್ನು ಆರಿಸು ಅಂದರೆ ಪಾಪ ಏನು ಮಾಡುತ್ತಾಳೆ?

ಕಲ್ಪತರು63

ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಹತ್ತು ನಿಮಿಷ ಬೀಗ ನೋಡಿದ್ದಕ್ಕೆ ಒಂದು ತಿಂಗಳ ಹೊಟ್ಟೆನೋವು ಅಂದರೆ ನಮ್ಮ ಕಾಲದವರಿಗೆಲ್ಲ ಹೊಟ್ಟೆಯೇ ಉಳಿಯುತ್ತಿರಲಿಲ್ಲ.

ಆದರೆ ಇದನ್ನು ಓದಿದ ಮೇಲೆ ಒಂದು ನೆನಪಾಯಿತು. ಅಮ್ಮ ಆರನೆಯವನ ಹೆರಿಗೆಗೆ ತವರಿಗೆ ಹೋದಾಗ ನನಗೆ ಐದು ವರ್ಷ. ನಾನು ಮಲಗಿದ್ದಾಗ ಗಾಡಿ ಹತ್ತಿಸಿ ಕಳಿಸಿದ್ದರು, ಎದ್ದರೆ ಅಳುತ್ತಾನೆ ಅಂತ. ಈಗಲೂ ಮಧ್ಯಾಹ್ನ ಮಲಗಲು ನನಗೆ ಆಗುವುದಿಲ್ಲ. ನಮ್ಮ ಮನೆಯವಳು ಅದಕ್ಕೆ ನಗುತ್ತಾಳೆ. ಇರಲಿ.

ಎರಡು ಮಕ್ಕಳ ತಾಯಿ, ಬೆಂಗಳೂರು

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಮೂರು ವರ್ಷದ ಮಗ ರಚ್ಚೆ ಹಿಡಿದಾಗ ಮೊಬೈಲ್ ಕೊಟ್ಟುಬಿಡುತ್ತೇನೆ. ಒಂದು ಸೆಕೆಂಡಿನಲ್ಲಿ ಸುಮ್ಮನಾಗುತ್ತಾನೆ. ಫ್ಲಾಟಿನ ಗೋಡೆ ತೆಳು, ಕೆಳಗಿನವರು ದೂರು ಕೊಡುತ್ತಾರೆ. ತಪ್ಪಾ?

ಮನಃಶಾಸ್ತ್ರ ಪಾಠ ಮಾಡುವವಳು, ಧಾರವಾಡ

ಒಮ್ಮೊಮ್ಮೆ ಕೊಟ್ಟರೆ ಏನೂ ಮುಳುಗಿ ಹೋಗುವುದಿಲ್ಲ. ಪ್ರತಿ ಸಲ ಕೊಟ್ಟರೆ ಸಿಟ್ಟು ತಾನಾಗಿ ಇಳಿಯುತ್ತದೆ ಅನ್ನುವುದು ಅವನಿಗೆ ಗೊತ್ತಾಗುವ ಅವಕಾಶವೇ ಇರುವುದಿಲ್ಲ. ಏರಿದ್ದನ್ನು ನೋಡಿರುತ್ತಾನೆ, ಇಳಿದದ್ದನ್ನು ನೋಡಿರುವುದಿಲ್ಲ. ವಾರದಲ್ಲಿ ಎರಡು ಸಲ ಮೊಬೈಲ್ ಇಲ್ಲದೆ ಪೂರ್ತಿ ಮುಗಿಯಲು ಬಿಡಿ. ಕೆಳಗಿನ ಮನೆಯವರಿಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟು ಮೊದಲೇ ಹೇಳಿಡಿ.

ವೈಂಡಿಂಗ್ ಅಂಗಡಿ, ತಿಪಟೂರು

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕೆಲವರು ಏನಾಯಿತು ಅಂತ ಕೇಳಿದ್ದೀರಿ.

ಬೀಗದ ಕತೆಯನ್ನು ಒಂದು ರಾತ್ರಿ ನಾನೇ ಹೇಳಿದೆ. ಕರೆಂಟ್ ಹೋಗಿತ್ತು. ನನ್ನ ಹೊಟ್ಟೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ‘ಅವತ್ತು ನೀನು ವ್ಯಾನಿಂದ ಇಳಿದೆ. ಬೀಗ ಇತ್ತು’ ಅಂದೆ. ಉಸಿರು ಬಿಗಿ ಹಿಡಿದದ್ದು ನನಗೆ ಗೊತ್ತಾಯಿತು. ಸ್ವಲ್ಪ ಹೊತ್ತು ಬಿಟ್ಟು ‘ಅಮ್ಮ ಪಾಪು ಎತ್ಕೊಂಡು ಹೋಗ್ಬಿಟ್ಟಿದ್ಲು’ ಅಂದಳು. ಆಮೇಲೆ ಅಮ್ಮ ಬಂದಳು ಅಂತ ನಾನು ಮುಗಿಸಿದೆ. ‘ಇನ್ನೊಂದ್ಸಲ ಹೇಳು’ ಅಂದಳು. ಅವತ್ತು ಆರು ಸಲ ಹೇಳಿದೆ. ಮಾರನೇ ದಿನ ಮತ್ತೆ. ಈಗ ಅದು ರಾಜ ರಾಣಿ ಕತೆಯ ಹಾಗೆ ದಿನಾ ಆಗಬೇಕು. ಕೋಡುಬಳೆ ಎಷ್ಟು ಅಂತ ತಪ್ಪಿ ಹೇಳಿದರೆ ತಿದ್ದುತ್ತಾಳೆ. ಎರಡೂವರೆಯಂತೆ.

ಪಕ್ಕದ ಮನೆ ಅಜ್ಜಿಯ ಹತ್ತಿರ ಒಂದು ಕೀಲಿ ಕೊಟ್ಟಿದ್ದೇವೆ. ಅದನ್ನು ಅವಳ ಕೈಯಿಂದಲೇ ಕೊಡಿಸಿದೆವು. ದಾರಕ್ಕೆ ಕೆಂಪು ಮಣಿ ಅವಳೇ ಕಟ್ಟಿದಳು. ವ್ಯಾನಿನವರಿಗೂ ಬಾಗಿಲು ತೆರೆಯದಿದ್ದರೆ ಮಗುವನ್ನು ಇಳಿಸಬೇಡಿ ಅಂತ ಹೇಳಿದ್ದೇನೆ.

ಹೊಟ್ಟೆನೋವು ಪೂರ್ತಿ ಹೋಗಿಲ್ಲ. ವಾರಕ್ಕೆ ಒಂದು ದಿನ, ಎರಡು ದಿನ ಇದೆ. ಆದರೆ ಶಾಲೆ ತಪ್ಪಿಸಿಲ್ಲ. ಓಮದ ನೀರು ಕೂಡ ಕೊಡುತ್ತೇವೆ. ಕಲ್ಪತರು ಸರ್ ಬೇಜಾರು ಮಾಡಿಕೊಳ್ಳಬಾರದಲ್ವಾ!

‘ಬೇಜಾರು’ ಅನ್ನುವುದು ಹೋಗಿಲ್ಲ, ಒಡೆದು ಮರಿ ಹಾಕಿದೆ. ನಾವು ಹೆದರಿಕೆ, ಸಿಟ್ಟು, ದಿಗಿಲು ಅಂತ ಏನೇನೋ ಹೇಳಿಕೊಟ್ಟೆವು. ಅವಳಿಗೆ ಅದು ಹಿಡಿಸಲಿಲ್ಲ. ತಾನೇ ಮಾಡಿಕೊಂಡಿದ್ದಾಳೆ. ‘ಬೀಗದ ಬೇಜಾರು’ ಅಂದರೆ ನಾವು ಎಲ್ಲಾದರೂ ಹೊರಟಾಗ. ‘ಸಾಕ್ಸ್ ಬೇಜಾರು’ ಅಂದರೆ ಯಾವುದೇ ಕಿರಿಕಿರಿ, ಬಿಸಿಲಿನಲ್ಲಿ ಬೆವರಿದರೂ ಸಾಕ್ಸ್ ಬೇಜಾರೇ. ‘ಪಾಪು ಬೇಜಾರು’ ಏನು ಅಂತ ಹೇಳಬೇಕಾಗಿಲ್ಲ. ಮೊನ್ನೆ ಒಬ್ಬ ಗಿರಾಕಿ ಫೋನಿನಲ್ಲಿ ನನ್ನ ಮೇಲೆ ಕೂಗಾಡಿದ. ನಾನು ಫೋನ್ ಇಟ್ಟು ಸುಮ್ಮನೆ ಕೂತೆ. ‘ಅಪ್ಪ, ನಿಂದು ಸಾಕ್ಸಾ ಬೀಗಾನಾ?’ ಅಂತ ಕೇಳಿದಳು. ನಾನು ಯೋಚನೆ ಮಾಡಿದೆ. ಅವನು ಇನ್ನು ನನ್ನ ಹತ್ತಿರ ಮೋಟಾರ್ ತರುವುದಿಲ್ಲ ಅನ್ನುವ ಹೆದರಿಕೆಯೇ ಜಾಸ್ತಿ ಇತ್ತು. ‘ಬೀಗ’ ಅಂದೆ. ಒಪ್ಪಿಕೊಂಡಳು.

ಧಾರವಾಡದ ಮೇಡಂ, ಬಾಯಿ ಮುಚ್ಚಿಕೊಂಡಿರಿ ಅಂದದ್ದು ನನಗೆ ಅಂಗಡಿಯ ಭಾಷೆಯಲ್ಲಿ ಅರ್ಥವಾಯಿತು. ಮೋಟಾರ್‌ಗೆ ಲೋಡ್ ಜಾಸ್ತಿಯಾದರೆ ಸ್ಟಾರ್ಟರ್‌ನ ರಿಲೇ ಬಿಸಿಯಾಗಿ ಟ್ರಿಪ್ ಆಗುತ್ತದೆ. ಅದು ತಣ್ಣಗಾಗುವವರೆಗೂ ಕಾಯಬೇಕು. ತೋಟದವರಿಗೆ ತಡೆಯುವುದಿಲ್ಲ, ಮತ್ತೆ ಮತ್ತೆ ಹಸಿರು ಬಟನ್ ಒತ್ತುತ್ತಾರೆ. ಕೆಲವರು ರಿಲೇಗೇ ತಂತಿ ಸುತ್ತಿ ನೇರ ಕೊಟ್ಟುಬಿಡುತ್ತಾರೆ. ಆಮೇಲೆ ಸುಟ್ಟ ವೈಂಡಿಂಗ್ ತಂದು ನನ್ನ ಮುಂದೆ ಹಾಕುತ್ತಾರೆ. ನಾನು ಅವರಿಗೆ ಬೈಯುತ್ತೇನೆ. ಮನೆಯಲ್ಲಿ ‘ಯಾಕೆ, ಹೇಳು, ಯಾಕೆ’ ಅಂತ ನಾನೂ ಅದೇ ಬಟನ್ ಒತ್ತುತ್ತಿದ್ದೆ. ಈಗ ಬಾಗಿಲ ಹತ್ತಿರ ನೆಲದ ಮೇಲೆ ಕೂರುತ್ತೇನೆ. ಗಡಿಯಾರ ನೋಡುತ್ತೇನೆ. ಉದ್ದದ್ದು ನಾಲ್ಕು ನಿಮಿಷ ಇತ್ತು. ನನಗೆ ಅದು ನಲವತ್ತು ನಿಮಿಷ ಅನ್ನಿಸಿತು.

ಎರಡು ಸಲ ನಾನು ಕೂಗಿಬಿಟ್ಟೆ. ಕೈ ಎತ್ತಲಿಲ್ಲ. ಹೊಡೆದ ದಿನದ ಬಗ್ಗೆ ಅವಳ ಹತ್ತಿರ ತಪ್ಪಾಯಿತು ಅಂದೆ. ‘ಹೂಂ’ ಅಂದು ಕೋಡುಬಳೆ ಕೇಳಿದಳು.

ಒಂದು ಉಳಿದಿದೆ. ಎಸೆಯೋದು ಕಡಿಮೆಯಾಗಿದೆ, ಆದರೆ ಯಾರೂ ನೋಡದಿದ್ದಾಗ ತಮ್ಮನ ಕೈ ಹಿಂಡುತ್ತಾಳೆ. ಮುದ್ದು ಮಾಡುತ್ತಲೇ ಹಿಂಡುತ್ತಾಳೆ. ಮೊನ್ನೆ ಅವನ ಮುಂಗೈ ಮೇಲೆ ಕೆಂಪು ಗೀರು ಇತ್ತು. ಇದಕ್ಕೆ ಏನು ಮಾಡಬೇಕು ಟೀಚರಮ್ಮ?

ನಿವೃತ್ತ ಟೀಚರ್, ಟಿ. ನರಸೀಪುರ

ಇಬ್ಬರನ್ನೂ ಒಂದೇ ಕಡೆ ಒಂಟಿಯಾಗಿ ಬಿಡಬೇಡಿ, ಇನ್ನೂ ವರ್ಷವಾದರೂ. ಚಪಾತಿ ಹಿಟ್ಟು ಕಲಸುವಾಗ ಅವಳಿಗೂ ಒಂದು ಉಂಡೆ ಕೊಡಿ, ಎಷ್ಟು ಬೇಕೋ ಅಷ್ಟು ಹಿಂಡಲಿ. ದಿನಾ ಅರ್ಧ ಗಂಟೆ ತಮ್ಮ ಇಲ್ಲದೆ ಅಮ್ಮ ಅವಳಿಗೆ ಸಿಗಬೇಕು. ಆ ಹೊತ್ತು ನೀವು ಮಗು ಎತ್ತಿಕೊಂಡು ಅಂಗಡಿಗೆ ಹೋಗಿ, ಗಿರಾಕಿಗಳು ನೋಡಲಿ.

ಅದಿರಲಿ, ಅವಳ ಉಗುರು ಕತ್ತರಿಸಿದ್ದೀರಾ? ಮೊದಲು ಅದು ಮಾಡಿ.